ಮನೆಯ ಹಿರಿಯರೊಬ್ಬರ ಬದುಕನ್ನು ಬರೆದಿಡಲು ಹೊರಟವರಿಗೆ

‘ನಮ್ಮ ಅಜ್ಜಿಯ ಕಥೆಯನ್ನು ಬರೆದಿಡಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಎಲ್ಲಿಂದ ಶುರು ಮಾಡಲಿ?’ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ನಡುವಯಸ್ಸಿನವರು, ತಂದೆಯನ್ನೋ ತಾಯಿಯನ್ನೋ ಈಚೆಗೆ ಕಳೆದುಕೊಂಡವರು. ಮನೆ ಖಾಲಿ ಮಾಡುವಾಗ ಒಂದು ಟ್ರಂಕು ಸಿಕ್ಕಿರುತ್ತದೆ. ಅದರೊಳಗಿನ ಫೋಟೊದಲ್ಲಿರುವವರು ಯಾರೆಂದು ಹೇಳಬಲ್ಲವರು ಊರಿನಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಹೀಗೆ ಕೇಳುವವರಿಗಾಗಿಯೇ ಈ ಬರಹ.

ಹತ್ತು ತಲೆಮಾರಿನ ವಂಶವೃಕ್ಷ ಬರೆಸಿ ಚೌಕಟ್ಟು ಹಾಕಿಸಿದ ಮನೆಗಳು ಬೇಕಾದಷ್ಟಿವೆ. ಆ ಮರದಲ್ಲಿರುವ ಒಬ್ಬರಾದರೂ ಬೆಳಗಿನ ಜಾವ ಎದ್ದು ಏನು ಮಾಡುತ್ತಿದ್ದರು, ಯಾವ ಬಾವಿಯಿಂದ ನೀರು ಹೊರುತ್ತಿದ್ದರು, ಯಾರ ಮೇಲೆ ಮುನಿಸಿಕೊಂಡಿದ್ದರು ಎಂಬುದು ಅದರಿಂದ ತಿಳಿಯುವುದಿಲ್ಲ. ಇಲ್ಲಿ ನಾನು ಹೇಳಹೊರಟಿರುವುದು ಒಬ್ಬರ, ಒಬ್ಬರದೇ, ಬದುಕನ್ನು ಬರೆಯುವ ಬಗೆ.

ಏನೇನು ಬೇಕು?

ಇನ್ನೂರು ಪುಟದ ಒಂದು ಗಟ್ಟಿ ರಟ್ಟಿನ ಪುಸ್ತಕ, ಮೆತ್ತನೆಯ ಸೀಸದ ಪೆನ್ಸಿಲ್, ಧ್ವನಿಮುದ್ರಣ ಮಾಡಬಲ್ಲ ಮೊಬೈಲ್, ಒಂದು ಭೂತಗನ್ನಡಿ. ಇಷ್ಟು ಸಾಕು. ಕಂಪ್ಯೂಟರಿನ ಕೆಲಸ ಕೊನೆಯಲ್ಲಿ ಬರುತ್ತದೆ. ವಾರಕ್ಕೆ ಒಂದು ಮಧ್ಯಾಹ್ನದಂತೆ ಏಳೆಂಟು ತಿಂಗಳು ಕೊಡಲು ಸಿದ್ಧರಾಗಿರಿ.

1. ಒಬ್ಬರನ್ನು ಆರಿಸಿಕೊಳ್ಳಿ

ಇಡೀ ಮನೆತನದ ಇತಿಹಾಸ ಬರೆಯುತ್ತೇನೆಂದು ಹೊರಟವರು ಮೂರನೆಯ ತಿಂಗಳಿಗೆ ಕೈಬಿಟ್ಟಿದ್ದನ್ನು ಕಂಡಿದ್ದೇನೆ. ಒಬ್ಬರನ್ನು ಆರಿಸಿ. ಅವರ ಬಗ್ಗೆ ಮಾತನಾಡಬಲ್ಲವರು ಇಬ್ಬರಾದರೂ ಬದುಕಿರಬೇಕು ಎಂಬುದೊಂದೇ ನನ್ನ ಷರತ್ತು. ಮನೆಯಲ್ಲಿ ಹೆಸರು ಮಾಡಿದ ವಕೀಲರೋ ಪಟೇಲರೋ ಇದ್ದರೆ ಎಲ್ಲರ ಕಣ್ಣೂ ಅವರ ಮೇಲೆಯೇ ಬೀಳುತ್ತದೆ. ಅವರ ವಿಷಯ ಹೇಗೂ ಉಳಿಯುತ್ತದೆ. ದಾಖಲೆಗಳಲ್ಲಿ ಹೆಸರು ಇಲ್ಲದವರನ್ನು, ಎಂದರೆ ಬಹುಪಾಲು ಮನೆಯ ಹೆಂಗಸರನ್ನು, ಮೊದಲು ಹಿಡಿಯಿರಿ ಎನ್ನುತ್ತೇನೆ. ಅವರನ್ನು ಬಲ್ಲವರು ಹೋದರೆ ಅವರೂ ಪೂರ್ತಿಯಾಗಿ ಹೋದಂತೆ.

ಎಚ್ಚರಿಕೆ: ನಾಡಕಚೇರಿಯಲ್ಲಿ ಪಡೆದ ವಂಶವೃಕ್ಷ ದೃಢೀಕರಣ ಪತ್ರ ಕೈಯಲ್ಲಿದೆ ಎಂದು ಅದನ್ನೇ ತಳಪಾಯ ಮಾಡಿಕೊಳ್ಳಬೇಡಿ. ಅದು ಖಾತೆ ಬದಲಾವಣೆ, ಆಸ್ತಿ ಹಂಚಿಕೆಯಂಥ ಕೆಲಸಕ್ಕೆ ಮಾಡಿಸಿದ್ದು. ಎಳವೆಯಲ್ಲಿ ತೀರಿಕೊಂಡ ಮಕ್ಕಳು, ಮಕ್ಕಳಿಲ್ಲದೆ ಹೋದ ಚಿಕ್ಕಪ್ಪ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅದರಲ್ಲಿ ಬಿಟ್ಟುಹೋಗಿರುವುದು ಸಾಮಾನ್ಯ.

2. ಮೊದಲು ಮನೆಯೊಳಗೆ ಹುಡುಕಿ

ಕಚೇರಿಗೆ ಓಡುವ ಮೊದಲು ಅಟ್ಟ ಹತ್ತಿ. ನಮ್ಮ ಮನೆಗಳಲ್ಲಿ ಕಾಗದಕ್ಕಿಂತ ಹೆಚ್ಚು ಕಾಲ ಉಳಿದಿರುವುದು ಪಾತ್ರೆಗಳು. ಮದುವೆಗೆ, ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಅಥವಾ ಪಡೆದವರ ಹೆಸರು, ಕೆಲವೊಮ್ಮೆ ತಾರೀಖು, ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತದೆ. ಚೊಂಬು, ಹರಿವಾಣ, ಹಂಡೆ, ಕೊಡ, ಎಲ್ಲವನ್ನೂ ಕಂಠದಿಂದ ತಳದವರೆಗೆ ತಿರುಗಿಸಿ ನೋಡಿ. ಹುಣಸೆಹಣ್ಣು ಹಾಕಿ ತಿಕ್ಕುವ ಮೊದಲೇ ಫೋಟೊ ತೆಗೆಯಿರಿ. ಚುಕ್ಕಿಗಳ ಒಳಗೆ ಕುಳಿತ ಕಪ್ಪಿನಿಂದಲೇ ಸವೆದ ಅಕ್ಷರ ಓದಲು ಬರುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಇನ್ನೂ ಸ್ಪಷ್ಟ.

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಿತ್ತಾಳೆಯ ಕೊಳದಪ್ಪಲೆ ಇತ್ತು. ಅದರ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಹೆಸರು ಅಜ್ಜಿಯದಲ್ಲ. ಕೇಳಿದಾಗ ದೊಡ್ಡವರು ಮಾತು ತಿರುಗಿಸಿದರು. ಅಜ್ಜನಿಗೆ ಮೊದಲೊಬ್ಬ ಹೆಂಡತಿ ಇದ್ದರು, ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡರು ಎಂಬುದು ಎಷ್ಟೋ ದಿನಗಳ ಮೇಲೆ ತಿಳಿಯಿತು. ಅವರ ಹೆಸರು ಪಹಣಿಯಲ್ಲಿಲ್ಲ, ವಂಶವೃಕ್ಷದಲ್ಲಿಲ್ಲ, ಒಂದು ಫೋಟೊ ಕೂಡ ಇಲ್ಲ. ಆ ಪಾತ್ರೆಯ ಮೇಲಿನ ನಾಲ್ಕು ಅಕ್ಷರ ಬಿಟ್ಟರೆ ಅವರು ಬದುಕಿದ್ದರು ಎಂಬುದಕ್ಕೆ ಬೇರೆ ಗುರುತಿರಲಿಲ್ಲ.

ಹುಡುಕಬೇಕಾದ ಉಳಿದವು ಇವು:

ಮುಯ್ಯಿ ಪುಸ್ತಕ, ಎಂದರೆ ಮದುವೆಯಲ್ಲಿ ಯಾರು ಏನು ಉಡುಗೊರೆ ಕೊಟ್ಟರೆಂದು ಬರೆದಿಟ್ಟ ಪಟ್ಟಿ. ಇದನ್ನು ಜನ ರದ್ದಿಗೆ ಹಾಕುತ್ತಾರೆ. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಯಾವ ಊರಿನಿಂದ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ, ತವರಿನವರು ಏನು ಕೊಟ್ಟರು, ಊರಿನ ಯಾವ ಯಾವ ಮನೆಗಳ ಜೊತೆ ಕೊಡುಕೊಳ್ಳುವ ವ್ಯವಹಾರವಿತ್ತು, ಎಲ್ಲವೂ ಅದರಲ್ಲಿ ಸಿಗುತ್ತದೆ. ಒಂದು ರೂಪಾಯಿ, ಎರಡು ರೂಪಾಯಿ, ರವಿಕೆ ಕಣ ಎಂದು ಬರೆದ ಸಾಲುಗಳನ್ನು ಒಂದೂ ಬಿಡದೆ ನಕಲು ಮಾಡಿಕೊಳ್ಳಿ.

ಜಾತಕ, ಲಗ್ನಪತ್ರಿಕೆ, ಅಂಚೆ ಕಾರ್ಡುಗಳು. ಕಾರ್ಡಿನಲ್ಲಿ ತಾರೀಖು ಬರೆಯದಿದ್ದರೂ ಅಂಚೆ ಮುದ್ರೆಯಲ್ಲಿ ಊರು, ದಿನ ಇರುತ್ತದೆ. ಫೋಟೊಗಳ ಹಿಂಬದಿಯ ಸ್ಟುಡಿಯೊ ಮುದ್ರೆ. ಸರ್ಕಾರಿ ಕೆಲಸದಲ್ಲಿದ್ದವರಾದರೆ ಪಿಂಚಣಿ ಕಾಗದಗಳು. ಸ್ವಾತಂತ್ರ್ಯ ಹೋರಾಟಗಾರರಾದರೆ 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, ಕೊಟ್ಟ ತಾಮ್ರಪತ್ರ. ಅಂಗಡಿ ಇದ್ದ ಮನೆಯಾದರೆ ಕಿರ್ದಿ ಪುಸ್ತಕ, ಅಂದರೆ ದಿನದಿನದ ಜಮಾ ಖರ್ಚಿನ ಲೆಕ್ಕ.

ಇಲ್ಲಿ ಆಗುವ ಅನಾಹುತಗಳನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಕಾಗದ ಒಳಗೇ ಹಾಳಾಗುತ್ತದೆ. ಹರಿದ ಕಡೆ ಸೆಲ್ಲೊಟೇಪ್ ಬೇಡ. ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಗಾಜಿನ ಸಮೇತ ಫೋಟೊ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಪೆನ್ಸಿಲ್ಲಿನಲ್ಲೇ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂಬದಿಯ ಮುಖದ ಮೇಲೆ ಮೂಡುತ್ತದೆ.

3. ಮಾತನಾಡಿಸಿ, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳಿ

ಎಲ್ಲರಿಗಿಂತ ಹಿರಿಯರಿಂದ ಶುರು ಮಾಡಿ. ಇದರಲ್ಲಿ ನಾಳೆ ಎಂಬುದಿಲ್ಲ. ನಂತರ ಮನೆಯ ಸೊಸೆಯಂದಿರು. ಮಗ ನೋಡದ ಎಷ್ಟೋ ಸಂಗತಿಗಳನ್ನು ಸೊಸೆ ನೋಡಿರುತ್ತಾಳೆ. ಆಮೇಲೆ ಪಕ್ಕದ ಮನೆಯವರು, ಕೊಟ್ಟಿಗೆ ಮತ್ತು ಗದ್ದೆಯ ಕೆಲಸಕ್ಕೆ ಬರುತ್ತಿದ್ದವರು. ನಿಮ್ಮ ಅಜ್ಜನನ್ನು ಒಕ್ಕಲಿನವರು ಹೇಗೆ ಕಂಡಿದ್ದರು ಎಂಬುದು ಮನೆಯವರ ಬಾಯಲ್ಲಿ ಸಿಗುವುದಿಲ್ಲ. ಅದು ಕೇಳಲು ಕಹಿಯಾಗಿರಬಹುದು. ಆದರೂ ಕೇಳಬೇಕು.

‘ನಿಮ್ಮ ಜೀವನ ಹೇಗಿತ್ತು, ಹೇಳಿ’ ಎಂದರೆ ‘ಏನೋ ಹಾಗೇ ನಡೆದುಹೋಯಿತಪ್ಪ’ ಎಂಬ ಉತ್ತರ ಬರುತ್ತದೆ. ಕಣ್ಣಿಗೆ ಕಟ್ಟುವಂಥದ್ದನ್ನು ಕೇಳಿ. ನೀವು ಮದುವೆಯಾಗಿ ಬಂದ ದಿನ ಈ ಮನೆಯಲ್ಲಿ ಎಷ್ಟು ಜನ ಊಟಕ್ಕೆ ಕೂರುತ್ತಿದ್ದರು? ನೀರು ಎಲ್ಲಿಂದ? ಒಲೆಗೆ ಸೌದೆ ಯಾರು ಒಡೆಯುತ್ತಿದ್ದರು? ಮೊದಲ ಸಲ ಕೈಗೆ ಸ್ವಂತದ ದುಡ್ಡು ಬಂದದ್ದು ಯಾವಾಗ, ಅದರಲ್ಲಿ ಏನು ಕೊಂಡಿರಿ? ತವರಿಗೆ ಹೋಗುವಾಗ ಗಾಡಿಯೋ ಬಸ್ಸೋ ನಡಿಗೆಯೋ? ಇನ್ನೂ ಒಳ್ಳೆಯ ಉಪಾಯವೆಂದರೆ ಹಳೆಯ ಮನೆಯ ನಕ್ಷೆಯನ್ನು ಅವರಿಂದಲೇ ಬರೆಸುವುದು. ಜಗಲಿ, ಪಡಸಾಲೆ, ನಡುಮನೆ, ಬಚ್ಚಲು, ಹಿತ್ತಲು ಎಂದು ಗೆರೆ ಎಳೆಯುತ್ತಿದ್ದಂತೆ ಒಂದೊಂದು ಮೂಲೆಯಿಂದಲೂ ಒಬ್ಬೊಬ್ಬರು ಎದ್ದು ಬರುತ್ತಾರೆ. ‘ಇಲ್ಲಿ ಮಾವನವರ ಮಂಚ, ಇದರ ಕೆಳಗೆ ಅಡಕೆ ಮೂಟೆ’ ಎಂದು ಅವರು ಬೆರಳಿಟ್ಟು ತೋರಿಸಿದರೆ ನೀವು ಮಾತನಾಡಬೇಡಿ. ಅವರು ಸುಮ್ಮನಾದಾಗಲೂ ಹತ್ತು ಎಣಿಸುವವರೆಗೆ ತಡೆಯಿರಿ. ಒಳ್ಳೆಯ ಮಾತು ಆ ಮೌನದ ಆಚೆ ಇರುತ್ತದೆ.

ಧ್ವನಿಮುದ್ರಣದ ಮೊದಲು ಅನುಮತಿ ಕೇಳಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಎರಡು ನಿಮಿಷ ಮುದ್ರಿಸಿ ಕೇಳಿ ನೋಡಿ. ಶುರುವಿನಲ್ಲಿ ದಿನಾಂಕ, ಊರು, ಯಾರು ಯಾರು ಕೂತಿದ್ದೀರಿ ಎಂಬುದನ್ನು ನೀವೇ ಹೇಳಿ. ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಅದೇ ರಾತ್ರಿ ಆ ಕಡತವನ್ನು ಇನ್ನೊಂದು ಕಡೆಗೆ ನಕಲು ಮಾಡಿಡಿ. ಮೊಬೈಲ್ ಬದಲಿಸುವಾಗ ಅಜ್ಜಿಯ ದನಿಯನ್ನು ಕಳೆದುಕೊಂಡವರ ಅಳಲನ್ನು ಎಷ್ಟೋ ಸಲ ಕೇಳಿದ್ದೇನೆ.

ಇಲ್ಲಿನ ದೊಡ್ಡ ತೊಡಕು ಬೇರೆಯೇ. ಅಜ್ಜಿ ಬಾಯಿ ತೆರೆಯುವ ಮೊದಲೇ ಮಗನೋ ಅಳಿಯನೋ ಉತ್ತರ ಕೊಟ್ಟುಬಿಡುತ್ತಾರೆ, ‘ಅವಳಿಗೆ ಮರೆವು, ನಾನು ಹೇಳುತ್ತೇನೆ’ ಎಂದು. ಜಗಳವಾಡಬೇಡಿ. ಅವರ ಮಾತನ್ನೂ ಬರೆದುಕೊಂಡು, ಇನ್ನೊಂದು ದಿನ ಅವರು ಮನೆಯಲ್ಲಿಲ್ಲದ ಹೊತ್ತು ನೋಡಿ ಬನ್ನಿ. ಮಧ್ಯಾಹ್ನ ಅಜ್ಜಿ ಅವರೆಕಾಯಿ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಕೂತಿದ್ದರೆ ನೀವೂ ಕೈ ಹಾಕಿ. ಕೈ ಕೆಲಸದಲ್ಲಿದ್ದಾಗ ಮಾತು ಸಲೀಸು.

4. ಕಾಲವನ್ನು ಗೊತ್ತುಮಾಡಿ

‘ನನಗೆ ಆಗ ಎಂಟೋ ಒಂಬತ್ತೋ’ ಎಂಬ ಮಾತನ್ನು ಇಸವಿಗೆ ತಿರುಗಿಸುವುದು ಹೇಗೆ?

ಜಾತಕದಲ್ಲಿ ಸಂವತ್ಸರದ ಹೆಸರು ಇರುತ್ತದೆ. ಅರವತ್ತು ಸಂವತ್ಸರಗಳು ಸುತ್ತಿ ಸುತ್ತಿ ಬರುತ್ತವೆ. ಮೊದಲನೆಯದಾದ ಪ್ರಭವ 1927ರ ಯುಗಾದಿಗೆ ಶುರುವಾಯಿತು, ಮತ್ತೆ 1987ಕ್ಕೆ ಬಂತು. ಅಲ್ಲಿಂದ ಎಣಿಸಿಕೊಂಡು ಹೋದರೆ ಪಾರ್ಥಿವ 1945, ಸರ್ವಜಿತು 1947, ದುರ್ಮುಖಿ 1956. ಜನ ತಪ್ಪುವುದು ಎರಡು ಕಡೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಆದ್ದರಿಂದ ಪಾರ್ಥಿವ ಸಂವತ್ಸರದ ಪುಷ್ಯ ಮಾಸ ಎಂದಿದ್ದರೆ ಅದು 1945 ಅಲ್ಲ, 1946ರ ಜನವರಿ ಹೊತ್ತು. ಮಾಘ, ಫಾಲ್ಗುಣಗಳಿಗೂ ಇದೇ ಲೆಕ್ಕ. ಎರಡನೆಯದು, ಪಂಚಾಂಗದ ದಿನ ಸೂರ್ಯೋದಯಕ್ಕೆ ಆರಂಭ. ಗುರುವಾರ ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವಿಗೆ ಜಾತಕದಲ್ಲಿ ಬುಧವಾರವೆಂದೇ ಬರೆದಿರುತ್ತದೆ. ವಾರ ತಾಳೆಯಾಗದಿದ್ದರೆ ಜಾತಕ ತಪ್ಪು ಎಂದು ಬಿಸುಡಬೇಡಿ, ಒಂದು ದಿನ ಮುಂದೆ ನೋಡಿ. ತುಳುನಾಡಿನ ಲೆಕ್ಕ ಸೌರಮಾನದ್ದು. ಅಲ್ಲಿ ಹೊಸ ವರ್ಷದ ಪಗ್ಗು ತಿಂಗಳು ಏಪ್ರಿಲ್ ನಡುವಿಗೆ, ಆಟಿ ಜುಲೈ ನಡುವಿಗೆ ಶುರು.

ಹಳೆಯ ಕಂದಾಯ ಕಾಗದಗಳಲ್ಲಿ, ಅದರಲ್ಲೂ ನಿಜಾಮರ ಮತ್ತು ಮದ್ರಾಸಿನ ಆಡಳಿತದಲ್ಲಿದ್ದ ಕಡೆ, ‘ಫಸಲಿ’ ಎಂಬ ವರ್ಷ ಕಾಣುತ್ತದೆ. ಅದು ಬೆಳೆಯ ಲೆಕ್ಕದ ಕಂದಾಯ ವರ್ಷ. ಅದಕ್ಕೆ 590 ಕೂಡಿಸಿ. ಫಸಲಿ 1357 ಎಂದರೆ 1947-48. ಶಾಲಿವಾಹನ ಶಕೆಯಾದರೆ 78 ಕೂಡಿಸಬೇಕು.

ಯಾವ ಕಾಗದವೂ ಇಲ್ಲದಿದ್ದರೆ ಊರಿಗೆಲ್ಲ ನೆನಪಿರುವ ಘಟನೆ ಹಿಡಿದು ‘ಅದಕ್ಕೆ ಮೊದಲೋ ಆಮೇಲೋ’ ಎಂದು ಕೇಳಿ. ಮುತ್ತಜ್ಜಿಯ ಕಾಲದವರು ಹೇಳುತ್ತಿದ್ದ ಧಾತು-ಈಶ್ವರ ಬರ 1876-78ರದು. ಆ ಎರಡು ಸಂವತ್ಸರಗಳ ಹೆಸರೇ ಬರಕ್ಕೆ ಅಂಟಿಕೊಂಡಿತು. ಬೆಂಗಳೂರಿಗೆ ಪ್ಲೇಗು ಬಂದದ್ದು 1898. ಮನೆಮನೆಯಲ್ಲೂ ಹೆಣ ಬಿದ್ದ ಇನ್‌ಫ್ಲುಯೆಂಜಾ ಜ್ವರ 1918. ಕರಾವಳಿಯ ದೊಡ್ಡ ನೆರೆ 1923. ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್. ವಿದುರಾಶ್ವತ್ಥದ ಗೋಲಿಬಾರ್ 1938ರ ಏಪ್ರಿಲ್. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್. ಕಲ್ಯಾಣ ಕರ್ನಾಟಕದವರಿಗೆ ರಜಾಕಾರರ ಹಾವಳಿ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗಿಂತ ಗಟ್ಟಿಯಾದ ಗುರುತು ಬೇರೆ ಇಲ್ಲ. ಶರಾವತಿ ಕಣಿವೆಯವರು ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಮುಳುಗುವ ಮೊದಲು, ಮುಳುಗಿದ ಮೇಲೆ ಎಂದೇ ತಮ್ಮ ಬದುಕನ್ನು ಎರಡು ಭಾಗ ಮಾಡಿ ಹೇಳುತ್ತಾರೆ. ಅಂಥ ಸಾಲನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ.

ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸಿಕೊಳ್ಳಲು ಮೇಷ್ಟರು ಹಾಕಿಕೊಂಡ ದಿನ ಎಂದೇ ತಿಳಿಯಿರಿ. ಆ ಪುಸ್ತಕದ ನಿಜವಾದ ಬೆಲೆ ಬೇರೆ ಕಾಲಂಗಳಲ್ಲಿದೆ: ಪೋಷಕರ ಹೆಸರು, ಅವರ ಕಸುಬು, ಮಗು ಯಾವ ತರಗತಿಯಲ್ಲಿ ಶಾಲೆ ಬಿಟ್ಟಿತು, ಏಕೆ ಬಿಟ್ಟಿತು.

5. ಕಚೇರಿಯ ದಾಖಲೆಗಳು

ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. 1956ರ ನವೆಂಬರ್ 1ಕ್ಕೆ ಮುಂಚೆ ನಿಮ್ಮ ಊರು ಯಾರ ಆಡಳಿತದಲ್ಲಿತ್ತು? ಹಳೆಯ ಮೈಸೂರು ಸಂಸ್ಥಾನವೋ, ಮುಂಬೈಗೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡವೋ, ನಿಜಾಮರ ಬೀದರ್, ಕಲಬುರಗಿ, ರಾಯಚೂರೋ, ಮದ್ರಾಸಿನ ದಕ್ಷಿಣ ಕನ್ನಡ, ಕೊಳ್ಳೇಗಾಲವೋ, ಪ್ರತ್ಯೇಕವಾಗಿದ್ದ ಕೊಡಗೋ. ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಬಂದದ್ದು 1953ರಲ್ಲಿ. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರುಗಳಂಥ ಕಡೆ ಬೇರೆಯೇ ಸಂಸ್ಥಾನಿಕರಿದ್ದರು. ದಾಖಲೆಯ ಭಾಷೆ, ವರ್ಷದ ಲೆಕ್ಕ, ಅಧಿಕಾರಿಯ ಹೆಸರು ಎಲ್ಲವೂ ಇದರ ಮೇಲೆ ನಿಂತಿದೆ. ಮೈಸೂರಿನ ಶಾನುಭೋಗರೇ ಧಾರವಾಡದ ಕಡೆ ಕುಲಕರ್ಣಿ. ಮುಂಬೈ ಕಡೆಯ ಹಳೆಯ ಕಾಗದ ಮರಾಠಿಯಲ್ಲಿ, ಮೋಡಿ ಎಂಬ ಕೂಡುಬರಹದ ಲಿಪಿಯಲ್ಲಿ ಇರಬಹುದು. ನಿಜಾಮರ ಕಡೆಯದು ಉರ್ದುವಿನಲ್ಲಿ. ಓದಿಸಲು ಬಲ್ಲವರನ್ನು ಮೊದಲೇ ಹುಡುಕಿಕೊಳ್ಳಿ.

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೈಬರಹದ ಪಹಣಿ (ಜಮೀನು ಯಾರ ಹೆಸರಿನಲ್ಲಿದೆ, ಯಾರು ಉಳುತ್ತಿದ್ದಾರೆ, ಏನು ಬೆಳೆ ಎಂಬ ವಾರ್ಷಿಕ ಲೆಕ್ಕ) ಮತ್ತು ಮ್ಯುಟೇಷನ್ (ಖಾತೆ ಒಬ್ಬರಿಂದ ಒಬ್ಬರಿಗೆ ಬದಲಾದ ನಮೂದು) ಸಿಗುತ್ತವೆ. ಸರ್ವೆ ನಂಬರ್ ಬರೆದು ನಕಲಿಗೆ ಅರ್ಜಿ ಕೊಡಿ. ಈಚೆಗೆ ಭೂಸುರಕ್ಷಾ ಯೋಜನೆಯಡಿ ಈ ಕೊಠಡಿಗಳ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ನಿಮ್ಮ ತಾಲ್ಲೂಕಿನದು ಆಗಿದ್ದರೆ ಕೆಲಸ ಹಗುರ. ಮ್ಯುಟೇಷನ್ನಿನಲ್ಲಿ ‘ಪೌತಿ’ ಎಂದಿದ್ದರೆ ಖಾತೆದಾರರು ತೀರಿಕೊಂಡ ಕಾರಣ ಬದಲಾಯಿತು ಎಂದರ್ಥ. ಆದರೆ ಪೌತಿ ಖಾತೆಯ ದಿನಾಂಕವನ್ನು ಸಾವಿನ ದಿನಾಂಕವೆಂದು ಬರೆದುಬಿಡಬೇಡಿ. ಸತ್ತು ಹತ್ತಿಪ್ಪತ್ತು ವರ್ಷಗಳಾದ ಮೇಲೆ ಖಾತೆ ಮಾಡಿಸಿದ ಮನೆಗಳು ಎಷ್ಟೋ ಇವೆ.

ಇನ್ನೊಂದು ಹಳ್ಳ: ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿ. ಒಂದೇ ಹೆಸರು, ಒಂದೇ ಊರು, ಒಂದೇ ಸರ್ವೆ ನಂಬರ್; ಆದರೆ ನಡುವೆ ಎರಡು ತಲೆಮಾರು. ತಂದೆಯ ಹೆಸರು ನೋಡದೆ ಒಂದು ಸಾಲನ್ನೂ ಬರೆಯಬೇಡಿ.

ಗೇಣಿಗೆ ಉಳುತ್ತಿದ್ದ ಮನೆತನವಾದರೆ ಭೂಸುಧಾರಣೆಯ ಕಡತ ಚಿನ್ನದಂಥದ್ದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಹಾಕಿದರು, ಭೂನ್ಯಾಯ ಮಂಡಳಿ ವಿಚಾರಣೆ ನಡೆಸಿತು. ಆ ಕಡತ ಉಳಿದಿದ್ದರೆ ಅದರಲ್ಲಿ ಹೇಳಿಕೆಗಳಿರುತ್ತವೆ. ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ಎಷ್ಟು ಮುಡಿ ಅಥವಾ ಎಷ್ಟು ಪಲ್ಲ (ಎರಡೂ ಧಾನ್ಯದ ಅಳತೆಗಳು) ಗೇಣಿ ಅಳೆಯುತ್ತಿದ್ದೆವು ಎಂದು ನಿಮ್ಮ ಅಜ್ಜನೇ ಹೇಳಿ ಸಹಿ ಮಾಡಿದ ಮಾತುಗಳು! ಅವರ ದನಿ ಬೇರೆಲ್ಲೂ ಕಾಗದಕ್ಕೆ ಇಳಿದಿರಲಿಕ್ಕಿಲ್ಲ.

ಹೆಂಗಸರನ್ನು ಹುಡುಕಬೇಕಾದ್ದು ಉಪನೋಂದಣಿ ಕಚೇರಿಯಲ್ಲಿ. ಪಾಲುಪಟ್ಟಿ (ಅಣ್ಣತಮ್ಮಂದಿರು ಬೇರೆಯಾದಾಗ ಬರೆಸಿದ ವಿಭಾಗ ಪತ್ರ), ದಾನಪತ್ರ, ಜೀವನಾಂಶದ ಕರಾರು, ಇವುಗಳನ್ನು ಕೊನೆಯ ಪುಟದವರೆಗೆ ಓದಿ. ವಿಧವೆಯಾದ ಅತ್ತಿಗೆಗೆ ವರ್ಷಕ್ಕೆ ಎಷ್ಟು ಭತ್ತ, ಇರಲು ಯಾವ ಕೋಣೆ, ಹಿತ್ತಲ ಯಾವ ಮರ ಎಂಬುದೆಲ್ಲ ಅಲ್ಲಿ ಬರುತ್ತದೆ. ಕೊನೆಗೆ ಒಂದು ಮಸಿಯ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಯಾರೋ ಗುಮಾಸ್ತರು ಬರೆದ ಹೆಸರು. ಅದರ ಮೇಲೆ ಒಂದು ಗಳಿಗೆ ನಿಮ್ಮ ಕೈಯಿಟ್ಟು ನೋಡಿ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂದದ್ದೇ 1994ರಲ್ಲಿ. ಅದಕ್ಕೆ ಮುಂಚಿನ ಪಾಲುಪಟ್ಟಿಯಲ್ಲಿ ಅತ್ತೆಯಂದಿರ ಹೆಸರು ಕಾಣದಿದ್ದರೆ ಅವರು ಇರಲಿಲ್ಲ ಎಂದಲ್ಲ.

ಜನನ ಮರಣ ನೋಂದಣಿಯ ಈಗಿನ ಕಾಯ್ದೆ 1969ರದು. ಅದಕ್ಕಿಂತ ಹಿಂದಿನ ನೋಂದಣಿ ಎಲ್ಲ ಊರಿನಲ್ಲೂ ಒಂದೇ ಸಮ ಇರಲಿಲ್ಲ. 1963ರಲ್ಲಿ ವಂಶಪಾರಂಪರ್ಯ ಗ್ರಾಮಾಧಿಕಾರಿಗಳ ಪದ್ಧತಿ ರದ್ದಾಯಿತು. ಎಷ್ಟೋ ಪುಸ್ತಕಗಳು ಹಳೆಯ ಶಾನುಭೋಗರ ಮನೆಯಲ್ಲೇ ಉಳಿದವು. ಅವರ ಮೊಮ್ಮಕ್ಕಳನ್ನು ಮರ್ಯಾದೆಯಿಂದ ಕೇಳಿ ನೋಡಿ. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ಜ್ಞಾನಸ್ನಾನ ಮತ್ತು ಮದುವೆ ಪುಸ್ತಕ, ಮುಸ್ಲಿಂ ಕುಟುಂಬಗಳಿಗೆ ಜಮಾತಿನ ನಿಕಾಹ್ ಪುಸ್ತಕ ಇದಕ್ಕಿಂತ ಎಷ್ಟೋ ಗಟ್ಟಿ. ಸಂಸ್ಥಾನದ ನೌಕರರಾಗಿದ್ದವರ ವಿಷಯಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹಳೆಯ ಸರ್ಕಾರಿ ಕಡತಗಳನ್ನು ನೋಡಬಹುದು.

6. ಹೆಳವರು, ತೀರ್ಥಪುರೋಹಿತರು, ಬಳಿ

ಎತ್ತಿನ ಮೇಲೋ ಗಾಡಿಯಲ್ಲೋ ಬಂದು ಮನೆತನದ ಹೆಸರುಗಳನ್ನು ಒಪ್ಪಿಸುವ ಹೆಳವರು ಇಂದಿಗೂ ಸುಗ್ಗಿಯ ನಂತರ ಹಳ್ಳಿಗಳಿಗೆ ಬರುತ್ತಾರೆ. ನಿಮ್ಮ ಮನೆಗೆ ಬರುವ ಹೆಳವರು ಯಾರೆಂದು ಊರಲ್ಲಿ ಕೇಳಿಡಿ. ಬಂದಾಗ ಕೂರಿಸಿ, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ, ಬರೆದುಕೊಳ್ಳಿ. ಕಾಶಿ, ಗಯಾ, ತ್ರ್ಯಂಬಕೇಶ್ವರದ ಪುರೋಹಿತರ ವಹಿಗಳಲ್ಲಿ, ಎಂದರೆ ಯಾತ್ರಿಕರ ಹೆಸರಿನ ಪುಸ್ತಕಗಳಲ್ಲಿ, ನಿಮ್ಮ ಹಿರಿಯರ ಕೈಬರಹವೇ ಸಿಗಬಹುದು.

ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಕುಟುಂಬ ಸಾಗುವುದು ತಾಯಿಯ ಬಳಿಯಲ್ಲಿ, ಎಂದರೆ ತಾಯಿಯ ಕಡೆಯಿಂದ ಬರುವ ಕುಲದಲ್ಲಿ. ಅಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಹತ್ತಿಕೊಂಡು ಹೋದರೆ ಪ್ರತಿ ಮೆಟ್ಟಿಲಿಗೂ ಬೇರೆ ಮನೆ ಸೇರುತ್ತೀರಿ. ಕೊಡಗಿನವರು ಒಕ್ಕ (ಮನೆತನ) ಮತ್ತು ಐನ್‌ಮನೆಯಿಂದ (ಆ ಮನೆತನದ ಮೂಲಮನೆ) ಶುರು ಮಾಡಬೇಕು. ಕೆಲವು ಸಮುದಾಯಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಿಸುತ್ತಿದ್ದರು. ತವರಿನ ಹೆಸರು ಯಾವುದೆಂದು ಎಲ್ಲರಲ್ಲೂ ಕೇಳಿ, ಎರಡು ಹೆಸರನ್ನೂ ಬರೆದಿಡಿ.

7. ಬರೆಯುವುದು

‘ಇಂಥ ಊರಿನಲ್ಲಿ ಇಂಥ ದಂಪತಿಯ ಜ್ಯೇಷ್ಠ ಪುತ್ರಿಯಾಗಿ ಜನಿಸಿದರು’ ಎಂದು ಆರಂಭಿಸಬೇಡಿ. ಅವರ ಒಂದು ದಿನದಿಂದ ಆರಂಭಿಸಿ. ಹೊಗಳಿಕೆಯ ಪದಗಳನ್ನು ಪೂರ್ತಿ ದೂರವಿಡಿ. ‘ಅಜ್ಜಿ ಬಹಳ ಕರುಣಾಮಯಿ, ಕಷ್ಟಸಹಿಷ್ಣು’ ಎಂದರೆ ಓದಿದವರಿಗೆ ಯಾರ ಮುಖವೂ ಕಾಣುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘ಅಜ್ಜಿ ಎಲ್ಲರ ಊಟ ಮುಗಿದ ಮೇಲೆ ಕೂರುತ್ತಿದ್ದರು. ಸಾರು ಮುಗಿದಿದ್ದರೆ ಮಜ್ಜಿಗೆಗೆ ಉಪ್ಪು ಹಾಕಿ ಕಲಸಿಕೊಳ್ಳುತ್ತಿದ್ದರು. ಕೊಟ್ಟಿಗೆ ಕೆಲಸದವಳಿಗೆ ಎತ್ತಿಟ್ಟ ಪಾಲನ್ನು ಮಾತ್ರ ಮುಟ್ಟುತ್ತಿರಲಿಲ್ಲ.’

ಪ್ರತಿ ಸಂಗತಿಯೂ ಮೂರರಲ್ಲಿ ಒಂದಾಗಿರುತ್ತದೆ: ಕಾಗದದಲ್ಲಿ ಇರುವುದು, ಯಾರೋ ಹೇಳಿದ್ದು, ನೀವು ಊಹಿಸಿದ್ದು. ಇವು ಬೆರೆಯದಂತೆ ಬರೆಯಿರಿ. ‘1952ರ ಮ್ಯುಟೇಷನ್ನಿನಂತೆ’, ‘ದೊಡ್ಡಮ್ಮ ಹೇಳುವಂತೆ’, ‘ಬಹುಶಃ’ ಎಂಬ ಮಾತುಗಳನ್ನು ಸೇರಿಸಲು ನಾಚಬೇಡಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ. ಅವರ ನುಡಿಗಟ್ಟನ್ನು ತಿದ್ದಬೇಡಿ. ಬಯಲುಸೀಮೆಯ ಅಜ್ಜಿ ಹೇಳಿದ್ದನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಅವರ ಮೊಮ್ಮಗಳಿಗೇ ಗುರುತು ಸಿಗುವುದಿಲ್ಲ. ಎಂಟು ಹತ್ತು ಪುಟ ಸಾಕು.

8. ಮನೆಯ ಗುಟ್ಟುಗಳು

ಎರಡನೆಯ ಮದುವೆ, ಜಾತಿ ಬಿಟ್ಟು ಹೋದವರು, ಆತ್ಮಹತ್ಯೆ, ಅಣ್ಣತಮ್ಮಂದಿರ ವ್ಯಾಜ್ಯ. ಯಾವ ಮನೆಯಲ್ಲಿ ಇಲ್ಲ? ನನ್ನ ನಿಲುವು ಇಷ್ಟು: ತೀರಿಕೊಂಡವರ ಬಗ್ಗೆ ಸುಳ್ಳು ಬರೆಯಬಾರದು, ಬದುಕಿರುವವರಿಗೆ ನೋವಾಗುವ ಸತ್ಯವನ್ನು ಅವರನ್ನು ಕೇಳದೆ ಬರೆಯಬಾರದು. ಬೇಕಾದರೆ ಆ ಪುಟವನ್ನು ಬೇರೆ ಲಕೋಟೆಯಲ್ಲಿಟ್ಟು ಯಾವಾಗ ತೆರೆಯಬಹುದೆಂದು ಮೇಲೆ ಬರೆಯಿರಿ. ‘ಅದನ್ನು ಬರೆಯಬೇಡ’ ಎಂದು ಹೇಳಿ ಒಬ್ಬರು ನಿಮ್ಮಲ್ಲಿ ಮನಸ್ಸು ಬಿಚ್ಚಿದ್ದರೆ ಬರೆಯಬೇಡಿ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಪಾಲುಪಟ್ಟಿಯ ಫೋಟೊ ಹಾಕುವುದಂತೂ ಬೇಡವೇ ಬೇಡ. ಆರಿದ ಜಗಳಕ್ಕೆ ಸೌದೆ ಒಟ್ಟಿದ ಹಾಗೆ ಆಗುತ್ತದೆ.

9. ಓದಿ ಹೇಳಿ, ನಂತರ ಪ್ರತಿ ಮಾಡಿಸಿ

ಬರೆದದ್ದನ್ನು ಮಾತನಾಡಿದವರೆದುರು ಗಟ್ಟಿಯಾಗಿ ಓದಿ. ಅವರು ತಿದ್ದುವುದಕ್ಕಿಂತ ಹೆಚ್ಚಾಗಿ ಸೇರಿಸುತ್ತಾರೆ. ಅಜ್ಜನ ಮೊದಲ ಹೆಂಡತಿಯ ಬಗ್ಗೆ ನಾನು ಬರೆದಿದ್ದ ಅರ್ಧ ಪುಟವನ್ನು ಸೋದರತ್ತೆಗೆ ಓದಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಆ ಕೊಳದಪ್ಪಲೆಯನ್ನು ನಮ್ಮ ಅಮ್ಮ ವರ್ಷಕ್ಕೊಂದು ಸಲ ಅಟ್ಟದಿಂದ ಇಳಿಸುತ್ತಿದ್ದಳು. ಹಿರಿಯರ ಹಬ್ಬದ ದಿನ. ಆವತ್ತಿನ ಪಾಯಸ ಅದರಲ್ಲೇ ಆಗಬೇಕು, ಬೇರೆ ಪಾತ್ರೆ ಆಗದು ಎನ್ನುತ್ತಿದ್ದಳು. ಯಾಕೆ ಎಂದು ನಾವು ಯಾರೂ ಕೇಳಲಿಲ್ಲ’ ಎಂದರು. ಎಂಟು ತಿಂಗಳ ಮಾತುಕತೆಯಲ್ಲಿ ಬಾರದ ಸಂಗತಿ ಅದು. ಅಜ್ಜಿಯ ಕುರಿತ ಅಧ್ಯಾಯವನ್ನೇ ಮತ್ತೆ ಬರೆಯಬೇಕಾಯಿತು.

ಟೈಪ್ ಮಾಡುವಾಗ ಯೂನಿಕೋಡ್ ಬಳಸಿ. ಯೂನಿಕೋಡ್ ಎಂದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುವ ವ್ಯವಸ್ಥೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಮುದ್ರಿಸಿದ ಪ್ರತಿಗಳು ಕನಿಷ್ಠ ಮೂರು ಊರುಗಳಲ್ಲಿ ಇರಲಿ: ಒಂದು ಮೂಲಮನೆಯಲ್ಲಿ, ಒಂದು ನಿಮ್ಮಲ್ಲಿ, ಒಂದು ಆ ಹಿರಿಯರ ತವರಿನಲ್ಲಿ. ತವರಿನ ಪ್ರತಿಯನ್ನು ಜನ ಮರೆಯುತ್ತಾರೆ. ಧ್ವನಿಮುದ್ರಣವನ್ನು ಎರಡು ಬೇರೆ ಪೆನ್‌ಡ್ರೈವ್‌ಗಳಲ್ಲಿ ಹಾಕಿ, ವರ್ಷಕ್ಕೊಮ್ಮೆ ತೆರೆದು ನೋಡಿ. ಪುಸ್ತಕದ ಕೊನೆಯಲ್ಲಿ ನಾಲ್ಕು ಹಾಳೆಗಳನ್ನು ಖಾಲಿ ಬಿಡಿ. ಮೇಲೆ ‘ತಿದ್ದುಪಡಿ ಮತ್ತು ಸೇರ್ಪಡೆ’ ಎಂದು ಬರೆದು, ದಿನಾಂಕಕ್ಕೆ ಮತ್ತು ಬರೆದವರ ಹೆಸರಿಗೆ ಎರಡು ಕಾಲಂ ಗೆರೆ ಹಾಕಿಡಿ.